ಕಪ್ಪು ರಟ್ಟಿನ ಪುಸ್ತಕ

ಭಾಲ್ಕಿಯ ಬೇಳೆ ಗಿರಣಿ ಬೆಳಕು ಹರಿಯುವ ಮೊದಲೇ ಗುಡುಗುಡು ಶುರುಮಾಡುತ್ತದೆ. ಅದರ ಹಿಂದಿನ ಓಣಿಯಲ್ಲಿ ಮಾರ್ಗರೆಟಮ್ಮನ ಮನೆ. ತೀರಿಕೊಂಡ ಗಂಡನ ಹಾಸಿಗೆ ಮಡಚಿಡಲು ಅಂದು ಕೂತವರ ಕೈಗೆ ದಿಂಬಿನ ಕೆಳಗೆ, ನಡುವೆ ರಿಬ್ಬನ್ ಇದ್ದ ಬೈಬಲ್ ತಾಗಿತು. ಹಾಗಾದರೆ ಹೋದ ವಾರ, ಶವಪೆಟ್ಟಿಗೆ ಮುಚ್ಚುವ ಮುನ್ನ, ತಾನು ಅವರ ಎದೆಯ ಮೇಲಿಟ್ಟದ್ದು ಯಾವ ಪುಸ್ತಕ?

ಗಂಡ ನತಾನಿಯೇಲ ಗ್ರಂಥಾಲಯದಲ್ಲಿ ಜವಾನರಾಗಿದ್ದವರು. ನಿವೃತ್ತರಾದ ಮೇಲೂ ಭಾಲ್ಕಿ, ಔರಾದದ ಗ್ರಂಥಾಲಯಗಳ ಹರಿದ ಪುಸ್ತಕಗಳನ್ನು ಚೀಲ ತುಂಬಿ ಮನೆಗೆ ತರುತ್ತಿದ್ದರು. ಬಿಚ್ಚಿ, ಹೊಲಿದು, ಅಂಟು ಹಚ್ಚಿ, ಎಲ್ಲಕ್ಕೂ ಒಂದೇ ಕಪ್ಪು ಬಟ್ಟೆ ಹೊದಿಸುವರು. ತಮ್ಮ ಬೈಬಲ್ಲಿಗೂ ಅದೇ ಬಟ್ಟೆ. ಮೋತಿಬಿಂದು ಬಂದು ಕಣ್ಣು ಮಂಜಾಗಿದ್ದ ಮಾರ್ಗರೆಟಮ್ಮ, ಗಂಡನ ತಲೆಯ ಬಳಿ ಸಿಕ್ಕ ಕಪ್ಪು ಪುಸ್ತಕವನ್ನೇ ದೇವರ ಪುಸ್ತಕವೆಂದು ಎತ್ತಿಕೊಂಡಿದ್ದರು.

ಗ್ರಂಥಾಲಯದಲ್ಲಿ ಕಪಾಟು ಒರೆಸುತ್ತಿದ್ದ ಗ್ರಂಥಪಾಲಕಿ ಸುವರ್ಣಾ, ಹುಡುಕಿ ಬಂದ ಮಾರ್ಗರೆಟಮ್ಮ ಹೇಳಿದ್ದೆಲ್ಲ ಕೇಳಿ ವಹಿ ತೆರೆದಳು. ಹೊಲಿಗೆಗೆ ಹೋಗಿ ಮರಳದ ಪುಸ್ತಕ ಒಂದೇ ಇತ್ತು.

“ಗ್ರಂಥಾಲಯ ಹ್ಯಾಂಗ ನಡಸಬೇಕು ಅನ್ನೂ ಪುಸ್ತಕರಿ ಅದು. ಹ್ಯಾಂಗ ಜೋಡಸೂದು, ಹ್ಯಾಂಗ ಕೊಡೂದು, ಹ್ಯಾಂಗ ವಾಪಸ್ ತಗೊಳ್ಳೂದು. ಅದನ್ನ ಓದೇ ನಾ ಈ ಕೆಲಸಕ್ಕ ಬಂದೆ. ಈಗ ಅಚ್ಚಿನಾಗ ಇಲ್ಲರಿ.”

ಮಾರ್ಗರೆಟಮ್ಮ ಬೆಂಚಿನ ಮೇಲೆ ಕೂತರು. ಓದುಗರು ಯಾರಾದರೂ ತೀರಿಕೊಂಡರೆ ನತಾನಿಯೇಲ ಅವರ ಮನೆಗೇ ಹೋಗಿ, ಅಳುವವರ ನಡುವೆ ಗೋಡೆಗೆ ಆತು ನಿಂತು, ಅವರು ಒಯ್ದಿದ್ದ ಪುಸ್ತಕ ಸಿಕ್ಕ ಮೇಲೆಯೇ ಬರುತ್ತಿದ್ದರು. “ಯಮ ಬಿಟ್ಟಾನು, ನತಾನಿಯೇಲ ಬಿಡಂಗಿಲ್ಲ” ಎಂದು ಔರಾದದವರು ನಗಾಡುತ್ತಿದ್ದರು. ತಮ್ಮ ಕೈಯಲ್ಲಿ ಒಂದೂ ಕಳೆದಿಲ್ಲ ಎಂಬುದಷ್ಟೇ ಅವರ ಬಿಂಕ.

“ಗೋರಿ ಮಣ್ಣು ತೆಗಸಲೇನ್ರಿ ಸುವರ್ಣಾಬಾಯಿ?”

“ಏನ್ ಮಾತ್ರಿ ಅಮ್ಮಾ! ಕಾಕಾನ್ನ ಮಲಗಾಕ ಬಿಡ್ರಿ.”

“ಮತ್ತ ಏನಂತ ಬರೀತೀರಿ?”

ಸುವರ್ಣಾ ಕಣ್ಣು ತಪ್ಪಿಸಿದಳು. “ಕಳೀತು ಅಂತ. ಯಾರು ಒಯ್ದಿದ್ರೋ ಅವರ ಹೆಸರಿಗೇ ಬರೀಬೇಕಾಗ್ತದರಿ.”

ಮಾರ್ಗರೆಟಮ್ಮ ಸೆರಗಿನಿಂದ ಬೈಬಲ್ ತೆಗೆದು ಮೇಜಿನ ಮೇಲಿಟ್ಟರು. “ಅದರ ಬದಲಿ ಇದನ್ನ ಇಟ್ಕೋರಿ. ಹೊಲಿಗಿ ಅವರದೇ.”

“ಒಂದರ ಬದಲಿ ಅದೇ ಪುಸ್ತಕ ಬೇಕ್ರಿ. ಬ್ಯಾರೇದು ನಡಿಯಂಗಿಲ್ಲ. ಇದು ನಿಮಗ ಬೇಕಾಗ್ತದ, ಒಯ್ರಿ.”

ಮೇಲೆ ಫ್ಯಾನು ತಿರುಗುತ್ತಿತ್ತು. ಪತ್ರಿಕೆ ಓದಲು ಬಂದವನೊಬ್ಬ ಪುಟ ಮಗುಚುವುದನ್ನು ನಿಲ್ಲಿಸಿದ. ಮಾರ್ಗರೆಟಮ್ಮ ಬೈಬಲ್ಲನ್ನು ಮತ್ತೆ ಎದೆಗವಚಿಕೊಂಡು ಎದ್ದರು.

“ಹಂಗಾದ್ರ ನನ್ನ ಹೆಸರಿಗೆ ಬರೀರಿ. ಅವರದು ಬ್ಯಾಡ.”

“ನೀವು ಇಲ್ಲಿ ಓದುಗರೇ ಅಲ್ಲಲ್ರಿ ಅಮ್ಮಾ, ಹ್ಯಾಂಗ ಬರೀಲಿ?”

“ಇವತ್ತ ಮಾಡ್ಕೋರಿ. ಮಾರ್ಗರೆಟ ಅಂತ ಬರೀರಿ. ಕಣ್ಣು ಕಾಣದಾಕಿ ಒಯ್ದು ಕಳದಾಳ ಅಂತ ಬರೀರಿ. ಯಾರರ ಕೇಳಿದ್ರ, ಆಕಿ ಗಂಡ ಎಂದೂ ಒಂದೂ ಕಳದಿಲ್ಲ ಅಂತ ಹೇಳ್ರಿ,” ಎನ್ನುತ್ತಲೇ ಅವರು ಗೋಡೆ ಸವರಿಕೊಂಡು ಮೆಟ್ಟಿಲಿಳಿದು, ಬಿಸಿಲಿನಲ್ಲಿ ಮನೆಯತ್ತ ನಡೆದರು.