ಲಕ್ಷ್ಮೀನರಸಮ್ಮನ ಎದೆಯ ಫೋಟೋ

“ಅಮ್ಮ, ಚಿಕ್ಕಮ್ಮ ಯಾಕೆ ತಾಳೀನ ಬೆನ್ನಿಗೆ ಹಾಕ್ಕೊಂಡಿದಾರೆ?”

ನಾನು ಹಿತ್ತಲಲ್ಲಿ ಅವರೆಕಾಳು ಹಿಸುಕುತ್ತ ಕೂತಿದ್ದೆ. ನಮ್ಮ ನಾಗವೇಣಿಗೆ ಆಗಿನ್ನೂ ಐದು ತುಂಬಿರಲಿಲ್ಲ. ಪಕ್ಕದ ಮನೆಯಿಂದ ಓಡಿಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು.

“ಎಲ್ಲಿ ನೋಡ್ದೆ?”

“ಹುಳದ ಮನೇಲಿ. ಕನ್ನಡಿ ಹಿಡ್ಕೊಂಡು ನೋಡ್ಕೋತಾ ಇದ್ರು. ಮುಂದೆ ಇರ್ಲಿಲ್ಲ, ಹಿಂದೆ ಇತ್ತು.”

“ತಲೆ ಬಾಚೋವಾಗ ಹಿಂದಕ್ಕೆ ಹೋಗಿರುತ್ತೆ ಕಣಮ್ಮ,” ಅಂದೆ. ಅವಳಿಗೆ ಅಷ್ಟು ಸಾಕಾಯಿತು. ಎರಡು ಕಾಳು ಬಾಯಿಗೆ ಹಾಕಿಕೊಂಡು ಆಡಲು ಹೋದಳು. ನನಗೆ ಮಾತ್ರ ಸಾಕಾಗಲಿಲ್ಲ. ಬೆಳಗಿಂದ ಸಂಜೆವರೆಗೆ ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚುವ ಪಕ್ಕದ ಮನೆಯ ಹೆಂಗಸು ಕನ್ನಡಿ ಹಿಡಿದು ಬೆನ್ನು ನೋಡಿಕೊಳ್ಳುತ್ತಾಳೆ ಅಂದರೆ ಏನೋ ಇರಬೇಕು ಅನ್ನಿಸಿತು.

ಇದು ಅರವತ್ನಾಲ್ಕನೇ ಇಸವಿಯ ಮಾತು. ನಮ್ಮ ಯಜಮಾನರಿಗೆ ಶಿಡ್ಲಘಟ್ಟದ ರೇಷ್ಮೆ ಇಲಾಖೆಯಲ್ಲಿ ಕೆಲಸ. ನಮ್ಮ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಗಂಗುಲಮ್ಮ ಅನ್ನುವ ವಿಧವೆ, ನಾಗವೇಣಿ ಚಿಕ್ಕಮ್ಮ ಅನ್ನುತ್ತಿದ್ದ ಕಿರಿ ಸೊಸೆ ಲಕ್ಷ್ಮೀನರಸಮ್ಮನ ಜೊತೆ ಹುಳ ಸಾಕಿಕೊಂಡಿದ್ದರು. ಅವರ ಸ್ವಂತ ಊರು ಸಾದಲಿ. ಅಲ್ಲಿನ ಹೊಲ ಮನೆ ನೋಡಿಕೊಳ್ಳುತ್ತಿದ್ದವನು ಹಿರಿಮಗ ಮುನಿಶಾಮಪ್ಪ. ಕಿರಿಮಗ ಜಯರಾಮಪ್ಪ ಬೆಂಗಳೂರಿನ ಕಾರ್ಖಾನೆಯಲ್ಲಿ ಲೇತ್ ಕೆಲಸ ಕಲಿತು, ಅಲ್ಲಿಂದ ಇಂಗ್ಲೆಂಡಿಗೆ ಹೋಗಿ ಕಬ್ಬಿಣ ಕರಗಿಸುವ ಕಾರ್ಖಾನೆ ಸೇರಿ ಎರಡು ವರ್ಷವಾಗಿತ್ತು. ಈಗ ಹೆಂಡತಿಯನ್ನು ಕರೆಸಿಕೊಳ್ಳುತ್ತಿದ್ದ.

ಲಕ್ಷ್ಮೀನರಸಮ್ಮನ ತವರು ಗೌರಿಬಿದನೂರು ಕಡೆ. ಎತ್ತರದ ಆಳು, ನಗುವಾಗ ಸೆರಗು ಬಾಯಿಗೆ ಹಿಡಿಯುತ್ತಿದ್ದಳು, ಆದರೆ ಮಾತಾಡುವಾಗ ಯಾವ ಅಡ್ಡವೂ ಇರಲಿಲ್ಲ. ಮಧ್ಯಾಹ್ನ ಬಿಡುವಾದರೆ ನನ್ನ ಹತ್ತಿರ ಬಂದು ಇಂಗ್ಲಿಷ್ ಪದ ಕಲಿಯುತ್ತಿದ್ದಳು. ನನಗೇ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಉಪ್ಪು, ಹಾಲು, ಬಾಗಿಲು, ಡಾಕ್ಟರು ಇಷ್ಟಾದ ಮೇಲೆ, “ಸಾಕು ಬಿಡಿ ಅಕ್ಕ, ಇಷ್ಟರಲ್ಲೇ ಒಂದು ದಿನ ತಳ್ಳಬಹುದು,” ಅಂದಿದ್ದಳು.

ಇಂಗ್ಲೆಂಡಿನಲ್ಲಿ ಏನಿದೆ ಅಂತ ಹೋಗ್ತೀಯೇ ಅಂತ ಒಮ್ಮೆ ಕೇಳಿದೆ.

“ಅಲ್ಲಿ ರಾತ್ರಿ ಮಲಗಿದ್ರೆ ಬೆಳಕಾದ್ಮೇಲೆ ಏಳೋದಂತೆ ಅಕ್ಕ.”

ಹುಳ ಸಾಕಿದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಗೂಡು ಕಟ್ಟುವ ಮುಂಚೆ ಹುಳ ತಿನ್ನುವ ತಿನಿಸು ಅಷ್ಟಿಷ್ಟಲ್ಲ. ಹೊತ್ತುಗೊತ್ತಿಲ್ಲದೆ ಎದ್ದು ತಟ್ಟೆ ತಟ್ಟೆಗೂ ಸೊಪ್ಪು ಹಾಕಬೇಕು. ಮದುವೆಯಾಗಿ ಬಂದ ದಿನದಿಂದ ಅವಳ ನಿದ್ದೆಯೆಲ್ಲ ಹುಳದ ಪಾಲಾಗಿತ್ತು.

“ನಿಮ್ಮನೆಯವರಿಗೆ ನೈಟ್ ಶಿಫ್ಟು ಅಂದಿದ್ದೆಯಲ್ಲೇ,” ಅಂದೆ.

“ಅವರು ಎದ್ದಿರ್ಲಿ. ನಾನು ಮಲಗ್ತೀನಿ.”

ಹಡಗಿನ ಟಿಕೀಟು ಬಂದಿತ್ತು. ಆದರೆ ಜಯರಾಮಪ್ಪ ಒಂದು ಮಾತು ಒತ್ತಿ ಬರೆದಿದ್ದ: ಎದೆಯ ಎಕ್ಸ್‌ರೇ ತೆಗೆಸಿ ಜೊತೆಯಲ್ಲೇ ತಾ, ಇಲ್ಲದಿದ್ದರೆ ಬಂದರಿನಲ್ಲೇ ನಿಲ್ಲಿಸಿಬಿಡುತ್ತಾರೆ, ಇಲ್ಲಿ ಕಾನೂನು ದಿನಕ್ಕೊಂದು ಥರ ಬಿಗಿಯಾಗುತ್ತಿದೆ, ಈ ಹಡಗು ತಪ್ಪಿದರೆ ಮುಂದೆ ಹೇಗೋ ಹೇಳಲಾರೆ. ಅದನ್ನು ಓದಿದ ಮೇಲೆ ಲಕ್ಷ್ಮೀನರಸಮ್ಮನ ನಗು ಕಡಿಮೆಯಾಯಿತು. ಅವಳಿಗೆ ಒಂದು ಕೆಮ್ಮಿತ್ತು, ಸಣ್ಣದು, ಬಿಟ್ಟುಬಿಟ್ಟು ಬರುತ್ತಿತ್ತು. ಅವಳ ಅಪ್ಪ ಆವಲಪ್ಪ ಕ್ಷಯವಾಗಿ ಮದನಪಲ್ಲಿಯ ಆಸ್ಪತ್ರೆಯಲ್ಲಿ ತೀರಿಹೋದವರು. ಫೋಟೋದಲ್ಲಿ ಏನು ಕಂಡೀತೋ ಅನ್ನುವ ಭಯ ಅವಳಿಗೆ ಹಗಲೂ ರಾತ್ರಿಯೂ ಇತ್ತು.

ಎದೆಯ ಮೇಲೆ ಲೋಹ ಇದ್ದರೆ ಫೋಟೋ ಕೆಡುತ್ತದೆ ಅಂತ ನಮ್ಮ ಯಜಮಾನರು ಹೇಳಿದ್ದು ನಿಜ. ಆ ಮಾತು ಕೇಳಿಯೇ ಅವಳು ಕನ್ನಡಿ ಹಿಡಿದಿದ್ದಳು ಅಂತ ನನಗೆ ಗೊತ್ತಾಗಿದ್ದು, ಅವಳು ಭಾವ ಮುನಿಶಾಮಪ್ಪನ ಜೊತೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಬಂದ ಮೇಲೆ. ಅಲ್ಲಿನ ಒಂದು ಸಣ್ಣ ದವಾಖಾನೆಗೆ ಮಂಗಳವಾರ ಮಾತ್ರ ಎಕ್ಸ್‌ರೇಯವರು ಬರುತ್ತಿದ್ದರು.

“ಕೊರಳಲ್ಲಿ ಏನೂ ಇರಬಾರ್ದು ಅಂದ್ರು. ಇಲ್ಲ ಅಂದೆ,” ಅಂದಳು, ನಮ್ಮ ಹೊಸಿಲ ಮೇಲೆ ಕೂತು.

“ತೆಗೆದಿಟ್ಯಾ?”

“ಯಾಕ್ ತೆಗೀಲಿ? ಬೆನ್ನಿಗೆ ಹಾಕ್ಕೊಂಡು ರವಿಕೆ ಒಳಗೆ ಸೇರಿಸಿದ್ದೆ.”

“ಅದೂ ಕಾಣುತ್ತಲ್ಲೇ.”

“ಹೆಂಗೆ ಕಾಣುತ್ತೆ ಅಕ್ಕ? ಎದೆ ಫೋಟೋ ಅಂದ್ರೆ ಎದೇದು ತಾನೆ? ನಮ್ಮ ಮದುವೆ ಫೋಟೋದಲ್ಲಿ ನನ್ನ ಜಡೆ ಕಂಡಿತ್ತಾ?”

ಎಕ್ಸ್‌ರೇ ಫೋಟೋದಲ್ಲಿ ಮಾತ್ರ ತಾಳಿಯ ಬೊಟ್ಟೂ ಎರಡು ಗುಂಡೂ ನಟ್ಟ ನಡು ಎದೆಯಲ್ಲಿ ಬೆಳ್ಳಗೆ ಮೂಡಿದ್ದವು. ಡಾಕ್ಟರು ಅದನ್ನು ಕಿಟಕಿಗೆ ಹಿಡಿದು, “ಏನಮ್ಮ, ಹೆದರಿ ನುಂಗಿಬಿಟ್ಯಾ?” ಅಂದರಂತೆ. ಇದು ನಡೆಯಲ್ಲ, ಬರೋ ವಾರ ಕೊರಳು ಬರಿದು ಮಾಡಿಕೊಂಡು ಬಾ ಅಂದು ಕಳಿಸಿದ್ದರು.

ಇಷ್ಟೇ ಆಗಿದ್ದರೆ ನಕ್ಕು ಮುಗಿಸಬಹುದಿತ್ತು. ಆದರೆ ಮುನಿಶಾಮಪ್ಪ ತಮ್ಮನ ಹೆಂಡತಿಯ ತಾಳಿಯ ವಿಷಯ ಯಾರ ಮುಂದೆ ಬಾಯಿ ಬಿಟ್ಟಾನು? ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿಗೂ, ಕೊನೆಗೆ ತಾಯಿಗೂ, “ಫೋಟೋದಲ್ಲಿ ಏನೋ ಕಲೆ ಬಂದದಂತೆ, ಮತ್ತೆ ತೆಗೀಬೇಕಂತೆ,” ಅಂತಷ್ಟೇ ಹೇಳಿ ಸಾದಲಿಯ ಬಸ್ಸು ಹತ್ತಿದ. ದೀಪ ಹಚ್ಚುವ ಹೊತ್ತಿಗೆ ನಮ್ಮ ಬೀದಿಯಲ್ಲಿ ಆ ಕಲೆ ಕ್ಷಯವಾಗಿತ್ತು. ಮಾರನೇ ದಿನ ನೋಡುತ್ತೇನೆ, ಲಕ್ಷ್ಮೀನರಸಮ್ಮನ ತಟ್ಟೆ ಲೋಟ ಹಿತ್ತಲ ಗೋಡೆಯ ಮೇಲೆ ಬೇರೆಯಾಗಿ ಬೋರಲು ಬಿದ್ದಿದ್ದವು. ಗಂಗುಲಮ್ಮ ಸೊಸೆಯ ಮೇಲೆ ಒಂದು ಗಟ್ಟಿ ಮಾತೂ ಆಡಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು.

ನಾನು ಹೋಗಿ ನಡೆದದ್ದನ್ನು ಹೇಳಿದೆ. ಮುದುಕಿ ಕೇಳಿಸಿಕೊಂಡು, ಹೆಚ್ಚುತ್ತಿದ್ದ ಸೊಪ್ಪು ಪಕ್ಕಕ್ಕೆ ಸರಿಸಿದರು. ಅವರ ಮಾತಿನಲ್ಲಿ ಆಗಾಗ ತೆಲುಗು ನುಸುಳುತ್ತಿತ್ತು.

“ಓರಿ ದೇವುಡಾ. ತಾಳಿ ಬಿಚ್ಚಿಸಿ ಫೋಟೋ ಹಿಡೀತಾರಾ? ನನ್ನ ಮಗ ಸಮುದ್ರದಾಚೆ ಇರೋವಾಗ?”

“ಅಲ್ಲಿಗೆ ಹೋಗೋಕೇ ಅಲ್ವಾ ಅಮ್ಮ ಇದೆಲ್ಲ.”

“ಆ ಯಂತ್ರದ ಮುಂದೆ ಇವಳು ಬರೀ ಕೊರಳಲ್ಲಿ ನಿಂತ ಹೊತ್ತಿಗೇ ಅಲ್ಲಿ ಅವನಿಗೆ ಏನಾದ್ರೂ ಆದ್ರೆ?”

ಲಕ್ಷ್ಮೀನರಸಮ್ಮ ಬಾಗಿಲ ಹಿಂದೆ ನಿಂತಿದ್ದಳು. “ನಂಗೂ ಅದೇ ಅಕ್ಕ,” ಅಂದಳು ಮೆಲ್ಲಗೆ. “ಅವರು ಬೆಂಕಿ ಮುಂದೆ ಕೆಲಸ ಮಾಡೋರು.”

ನನಗೂ ಒಳಗೊಳಗೆ ಅಳುಕಿತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಹಡಗು ನಮ್ಮ ಅಳುಕಿಗೆ ಕಾಯುವುದಿಲ್ಲವಲ್ಲ. ಯೋಚನೆ ಮಾಡಿ, “ತಾಳಿ ದಾರ ಹಳೇದಾದ್ರೆ ನಾವು ಬದಲಾಯಿಸಲ್ವಾ?” ಅಂತ ಕೇಳಿದೆ.

“ಬದಲಾಯ್ಸೋದು ಬೇರೆ, ಬಿಚ್ಚೋದು ಬೇರೆ.”

“ಬಿಚ್ಚೋದು ಬೇಡ. ಮೊದಲು ಹೊಸ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕೋಣ. ಅದಾದ್ಮೇಲೆ ಚಿನ್ನ ತೆಗೆಯೋಣ. ಕೊರಳು ಒಂದು ಗಳಿಗೆನೂ ಬರಿದಾಗಲ್ಲ. ಅರಿಶಿನದ ಕೊಂಬು ಲೋಹ ಅಲ್ವಲ್ಲ.”

ಗಂಗುಲಮ್ಮ ಬೆರಳು ಮಡಿಸಿ ವಾರ ಎಣಿಸಿದರು. “ಮಂಗಳವಾರ ಮುಟ್ಟಬಾರ್ದು,” ಅಂದರು ಕೊನೆಗೆ.

“ಸೋಮವಾರ ಸಂಜೆಗೇ ಮಾಡೋಣ.”

“ಮತ್ತೆ ನಾನು ಕಟ್ಟೋ ಹಾಗಿಲ್ಲ. ನೀನೇ ಕಟ್ಟಬೇಕು ತಲ್ಲಿ.”

ಇದನ್ನು ನಾನು ಯೋಚಿಸಿರಲಿಲ್ಲ. ಅವರು ಗಂಡ ಸತ್ತವರು. ಮನೆಯಲ್ಲಿ ಬೇರೆ ಮುತ್ತೈದೆ ಇಲ್ಲ. ಸಲಹೆ ಕೊಡುವುದು ಸುಲಭ, ಕೈ ಹಾಕುವುದು ಬೇರೆ. ನಾಳೆ ಆ ಹುಡುಗನಿಗೆ ಏನಾದರೂ ಆದರೆ ಗಂಟು ಹಾಕಿದ ಕೈ ಯಾವುದು ಅಂತ ತಾನೇ ಕೇಳುತ್ತಾರೆ? ಯಜಮಾನರ ಹತ್ತಿರ ಹೇಳಿದಾಗ, “ಅಷ್ಟು ಭಯ ಇದ್ರೆ ಬೇಡ ಅಂದ್ಬಿಡು,” ಅಂದರು ಪತ್ರಿಕೆಯಿಂದ ತಲೆ ಎತ್ತದೆ. ಬೇಡ ಅಂದರೆ ಅವಳ ಹಡಗು ಹೋಗುತ್ತದೆ. ಅದಕ್ಕೂ ಅದೇ ಕೈ ತಾನೆ.

ಸೋಮವಾರ ಸಂಜೆ ನಾನು ತಲೆಗೆ ನೀರು ಹಾಕಿಕೊಂಡು ಹೋದೆ. ಲಕ್ಷ್ಮೀನರಸಮ್ಮನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿ ಅರಿಶಿನದ ದಾರ ಕಟ್ಟಿದೆ. ದಾರ ಇನ್ನೂ ಒದ್ದೆಯಿತ್ತು. ಮೊದಲ ಗಂಟು ಜಾರಿತು. ಮತ್ತೆ ಹಾಕಿದೆ. ಆಮೇಲೆ ಹಳೆಯ ದಾರವನ್ನು ಚಿನ್ನದ ಸಮೇತ ತಲೆಯ ಮೇಲಿಂದ ತೆಗೆದು, ದೇವರ ಮುಂದಿದ್ದ ಅಕ್ಕಿಯ ಸೇರಿನೊಳಗೆ ಇಟ್ಟೆವು. ಅವಳ ಕೈ ಎದೆಯ ಹತ್ತಿರ ಹೋಗಿ ಕೊಂಬನ್ನು ಮುಟ್ಟಿ ನೋಡಿತು. “ಹಗುರ ಇದೆ,” ಅಂದಳು. ಅವಳ ದನಿಯಲ್ಲಿ ಸಮಾಧಾನವೇನೂ ಇರಲಿಲ್ಲ.

ಮಂಗಳವಾರ ನಾಗವೇಣಿಯನ್ನು ಅವರಪ್ಪನಿಗೆ ಒಪ್ಪಿಸಿ ನಾವು ಮೂವರೂ ಸಣ್ಣ ರೈಲು ಹತ್ತಿದೆವು. ಆ ಬೆಳೆಯ ರೇಷ್ಮೆಗೂಡು ಮಾರಿಯಾಗಿದ್ದರಿಂದ ಗಂಗುಲಮ್ಮನೂ ಹೊರಟಿದ್ದರು. ನಮ್ಮ ರೈಲು ಎಮ್ಮೆ ಅಡ್ಡ ಬಂದರೂ ನಿಂತು ಮಾತಾಡಿಸಿಕೊಂಡು ಹೋಗುವಂಥದ್ದು. ಗಂಗುಲಮ್ಮ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಕೆಮ್ಮುತ್ತ, ಎಲೆಅಡಿಕೆ ಉಗಿಯುತ್ತ ಇದ್ದರು.

“ಯೇಮೇ, ಭಯಮಾ?” ಅಂದರು ಸೊಸೆಗೆ.

“ಇಲ್ಲತ್ತೆ.”

“ಮತ್ತೆ ಕೊಂಬನ್ನ ಯಾಕೆ ಹಂಗೆ ಹಿಡ್ಕೊಂಡಿದೀಯ? ಸಾರಿಗೆ ಹಾಕೋಕಾ?”

ಎದುರಿಗೆ ಕೂತಿದ್ದ ಹೆಂಗಸು ನಕ್ಕಳು. ಲಕ್ಷ್ಮೀನರಸಮ್ಮನೂ ನಕ್ಕು ಕೈ ತೆಗೆದಳು. ಮುಂದಿನ ನಿಲ್ದಾಣ ಬರುವುದರೊಳಗೆ ಕೈ ಮತ್ತೆ ಅಲ್ಲೇ ಇತ್ತು.

ದವಾಖಾನೆಯಲ್ಲಿ ಎಕ್ಸ್‌ರೇಯವನು ದಾರ ನೋಡಿ, “ಅದನ್ನ ಹೆಗಲ ಮೇಲೆ ಎಳ್ಕೊಳ್ಳಿ, ಸಾಕು,” ಅಂದ. ನನ್ನನ್ನು ಬಾಗಿಲವರೆಗೆ ಬಿಟ್ಟರು. ಉಸಿರು ಹಿಡಿಯಿರಿ ಅಂದ ಕೂಡಲೇ ಅವಳಿಗೆ ಕೆಮ್ಮು ಬಂತು. ಮತ್ತೆ ಹಿಡಿದಳು, ಮತ್ತೆ ಬಂತು. “ಏನಮ್ಮ, ಬೇಕಂತ ಮಾಡ್ತೀರಾ?” ಅಂದ ಅವನು. ಮೂರನೇ ಸಲ ಅವಳು ಕಣ್ಣು ಮುಚ್ಚಿ, ಕೆರೆಗೆ ಮುಳುಗುವವರ ಹಾಗೆ ಉಸಿರು ಕಟ್ಟಿದಳು. ಯಂತ್ರ ಸದ್ದು ಮಾಡಿ ನಿಂತಿತು.

ಫೋಟೋ ತೊಳೆದು ಒಣಗುವವರೆಗೆ ನಾವಿಬ್ಬರೂ ಒಳಗಿನ ಬೆಂಚಿನ ಮೇಲೆ ಕೂತೆವು. ಗಂಗುಲಮ್ಮ ಹೊರಗೆ ಜಗುಲಿಯಲ್ಲಿದ್ದರು.

“ಈ ಡಾಕ್ಟರು ಒಳ್ಳೆಯವರು ಅಕ್ಕ. ಅದೇ ನಂಗೆ ಭಯ,” ಅಂದಳು.

“ಒಳ್ಳೆಯವರಾದ್ರೆ ಭಯ ಯಾಕೆ?”

“ಒಳ್ಳೆಯವರು ನಿಜ ಹೇಳಲ್ಲ. ಅಪ್ಪನ್ನ ಮದನಪಲ್ಲಿಗೆ ಸೇರಿಸಿದಾಗ ನಾನು ಸಾದಲೀಲಿದ್ದೆ. ತವರಿಂದ ಬಂದೋರೆಲ್ಲ, ಗುಣ ಆಗ್ತಿದೆ ಕಣಮ್ಮ ಅಂತಲೇ ಅಂದ್ರು. ಯುಗಾದಿಗೆ ಬರ್ತಾರೆ ಅಂತ ನಾನು ಅಪ್ಪನಿಗೆ ಪಂಚೆ ಒಗೆದು ಮಡಿಸಿಟ್ಟಿದ್ದೆ. ತಿಥಿಗೆ ಅಂತ ಕರೆಯೋಕೆ ಬಂದ್ರು ಅಕ್ಕ. ನಾನು ನೊಂದ್ಕೋತೀನಿ ಅಂತ ಮುಂಚೆ ಹೇಳ್ಲಿಲ್ಲವಂತೆ.”

ನಾನು ಅವಳ ಕೈ ಹಿಡಿದುಕೊಂಡೆ. ಒರಟು ಕೈ, ಹೆಬ್ಬೆರಳ ತುಂಬ ಸೊಪ್ಪಿನ ಕರೆ.

ಡಾಕ್ಟರು ಕರೆದರು. ಫೋಟೋ ಕಿಟಕಿಗೆ ಹಿಡಿದು, “ಚೆನ್ನಾಗಿದೆಯಮ್ಮ, ಏನೂ ಇಲ್ಲ,” ಅಂದರು.

“ನಿಜ ಹೇಳಿ ಸ್ವಾಮಿ.”

“ನಿಜಾನೇ ಹೇಳ್ತಿರೋದು.”

“ಈ ಕೆಮ್ಮು?”

“ಧೂಳಿಂದು. ಹುಳದ ಮನೆ ಬಿಟ್ರೆ ಹೋಗುತ್ತೆ.”

ಅವಳು ನಂಬಲಿಲ್ಲ. ತಾನೇ ಹತ್ತಿರ ಹೋಗಿ, ಪಕ್ಕೆಲುಬುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದಳು. ಇದೇನು, ಇದೇನು ಅಂತ ಕೇಳಿದಳು. ಡಾಕ್ಟರು ಬೇಸರವಿಲ್ಲದೆ ಹೇಳಿದರು. ಆಮೇಲೆ ಅವಳ ಹೆಗಲು ಇಳಿಯಿತು. ಗೋಡೆಗೆ ಒರಗಿ, ಸೆರಗು ಬಾಯಿಗೆ ಹಿಡಿದಳು. ನಗುತ್ತಿದ್ದಾಳೆ ಅಂದುಕೊಂಡೆ, ಅಳುತ್ತಿದ್ದಳು.

ಆಗಲೇ ಜಗುಲಿಯಿಂದ ಕೆಮ್ಮು ಕೇಳಿತು, ನಿಲ್ಲದೆ. ಡಾಕ್ಟರು ಕತ್ತು ಚಾಚಿ, “ಅದ್ಯಾರು?” ಅಂದರು.

“ನಮ್ಮತ್ತೆ,” ಅಂದಳು ಲಕ್ಷ್ಮೀನರಸಮ್ಮ.

ಡಾಕ್ಟರು ಎದ್ದು ಹೊರಗೆ ಬಂದು, ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಎಷ್ಟು ದಿನದಿಂದ ಅಂತ ವಿಚಾರಿಸಿದರು. ಅವರ ಮುಖ ನಮ್ಮ ಜೊತೆ ಮಾತಾಡುವಾಗ ಇದ್ದ ಹಾಗೆ ಇರಲಿಲ್ಲ. “ನಿಮ್ಮದೂ ಒಂದು ಫೋಟೋ ತೆಗೀಬೇಕಲ್ಲಮ್ಮ,” ಅಂದರು.

“ನಾನ್ಯಾವ ದೇಶಕ್ಕೆ ಹೋಗಬೇಕು ಸ್ವಾಮಿ?” ಗಂಗುಲಮ್ಮ ಸೆರಗು ಕೊಡವಿ ಎದ್ದರು. “ಇವಳದಾಯ್ತಲ್ಲ. ನಡೀರಮ್ಮ, ರೈಲು ಹೋಗುತ್ತೆ.”

ಎಷ್ಟು ಹೇಳಿದರೂ ಕೂರಲಿಲ್ಲ. ಸೊಸೆ ಕೈ ಹಿಡಿದು ಎಳೆದರೆ, “ಊರೋರ ಮುಂದೆ ನನ್ನ ರೋಗಿ ಮಾಡಬೇಡ್ವೇ,” ಅಂದು ಮುಂದೆ ಮುಂದೆ ನಡೆದರು.

ನಿಲ್ದಾಣದಲ್ಲಿ ರೈಲು ಇನ್ನೂ ಬಂದಿರಲಿಲ್ಲ. ಗಂಗುಲಮ್ಮ ಹೂವು ಕೊಳ್ಳಲು ಆಚೆ ಹೋದರು, ನಾಳೆ ಚಿನ್ನ ಕಟ್ಟುವಾಗ ಬೇಕು ಅಂತ. ಅವರು ಹೂವಿನವಳ ಜೊತೆ ಮೊಳ ಗಿಡ್ಡವಾಯಿತು ಅಂತ ಜಗಳ ಮಾಡುವುದು ಇಲ್ಲಿಗೇ ಕೇಳುತ್ತಿತ್ತು; ನಡುನಡುವೆ ಕೆಮ್ಮೂ. ಲಕ್ಷ್ಮೀನರಸಮ್ಮ ಫೋಟೋದ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತ ಕಡೆಯೇ ನೋಡುತ್ತಿದ್ದಳು.

“ನಾನು ಹೋಗ್ದೆ ಇಲ್ಲೇ ನಿಂತ್ಕೊಂಡ್ರೆ ಅವರು ಬೈತಾರೆ ಅಕ್ಕ. ಹೊಸಿಲು ದಾಟಿಸಿ ಬಾಗಿಲು ಹಾಕ್ಕೋತಾರೆ. ಹೋದ್ರೆ, ಇಲ್ಲಿಂದ ಎಲ್ಲಾ ಚೆನ್ನಾಗಿದೀವಿ ಅಂತಲೇ ಬರೆಸ್ತಾರೆ.”

“ಹೌದು,” ಅಂದೆ. ಸುಮ್ಮನೆ ಸಮಾಧಾನ ಹೇಳಲು ಬಾಯಿ ಬರಲಿಲ್ಲ.

“ನೀವು ಒಂದು ಕೆಲಸ ಮಾಡ್ತೀರಾ? ಹೇಗಾದ್ರೂ ಪುಸಲಾಯಿಸಿ ಅತ್ತೇನ ಒಂದು ಮಂಗಳವಾರ ಇಲ್ಲಿಗೆ ಕರ್ಕೊಂಡು ಬನ್ನಿ. ಫೋಟೋದಲ್ಲಿ ಏನು ಬಂದ್ರೂ ನಂಗೆ ಇದ್ದದ್ದು ಇದ್ದ ಹಾಗೇ ಬರೀರಿ. ನಾನು ಅಳ್ತೀನಿ ಅಂತ ಬಿಡಬೇಡಿ ಅಕ್ಕ.”