ನೂರಕ್ಕೆ ಎರಡು ಕಡಿಮೆ

ಎಲ್ಲ ಪಾಠಗಳಲ್ಲೂ ಮಕ್ಕಳಿಗೆ ನೀತಿ ಕಲಿಸಬೇಕೆಂದು ಮೇಲಿನಿಂದ ಹೇಳಿ ಕಳಿಸಿದರು. ಹೇಗೆ ಎಂದು ಯಾರೂ ಹೇಳಲಿಲ್ಲ, ತರಬೇತಿಯೂ ಇಲ್ಲ. ಸವಳಂಗದ ಹತ್ತಿರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ನೀರು ಕುದಿಯುವ ಪಾಠಕ್ಕೆ ಯಾವ ನೀತಿ ಎಂದು ಹೆಡ್‌ಮಾಸ್ತರನ್ನು ಕೇಳಿದೆ.

"ತಾಳ್ಮೆ ಅಂತ ಹೇಳ್ರಿ, ಮುಗೀತು," ಎಂದರು.

ನನಗೆ ಮೈ ಉರಿಯಿತು. ನೀತಿಯೆಂದರೆ ಸಂತೆಯಲ್ಲಿ ತರಕಾರಿ ಜೊತೆ ಕೊಡುವ ಕೊಸರೇ?

ನಮ್ಮ ಮಕ್ಕಳು ಗೈಡು ನೋಡಿ ಮೊದಲು ಉತ್ತರ ಬರೆದುಕೊಳ್ಳುತ್ತಾರೆ, ಆಮೇಲೆ ಪ್ರಯೋಗಕ್ಕೆ ಸ್ಪಿರಿಟ್ ಲ್ಯಾಂಪು ಹಚ್ಚುತ್ತಾರೆ. ಅವತ್ತೂ ಹಾಗೇ. ನಮ್ಮ ಸೀಮೆ ಸಮುದ್ರಮಟ್ಟಕ್ಕಿಂತ ಎತ್ತರದಲ್ಲಿದೆ, ನೀರು ನೂರು ಡಿಗ್ರಿ ಮುಟ್ಟುವ ಮೊದಲೇ ಕುದಿಯುತ್ತದೆ. ಥರ್ಮಾಮೀಟರು ತೊಂಬತ್ತೆಂಟಕ್ಕೆ ನಿಂತಿತು. ಇಡೀ ತರಗತಿ ನೂರು ಎಂದು ಬರೆದಿತ್ತು. ಟೈಲರ್ ಸಾಹೇಬರ ಮಗಳು ಒಬ್ಬಳೇ ತೊಂಬತ್ತೆಂಟು ಎಂದು ಬರೆದಿದ್ದಳು. ಕಂಡದ್ದನ್ನು ಕಂಡ ಹಾಗೆ ಹೇಳುವುದೇ ಈ ಪಾಠದ ನೀತಿ ಎಂದು ಎಲ್ಲರೆದುರು ಅವಳನ್ನು ಹೊಗಳಿದೆ.

ಮುಂದಿನ ವಾರ ತಪಾಸಣೆಗೆ ಇಲಾಖೆಯ ಸಾಹೇಬರೊಬ್ಬರು ಬಂದರು. ನೀರು ಎಷ್ಟಕ್ಕೆ ಕುದಿಯುತ್ತದೆ ಎಂದು ಅವಳನ್ನೇ ಎಬ್ಬಿಸಿ ಕೇಳಿದರು.

"ತೊಂಬತ್ತೆಂಟು ಸಾರ್."

"ತೊಂಬತ್ತೆಂಟಾ? ಯಾರಮ್ಮ ನಿಂಗೆ ಹಿಂಗೆ ಕಲಿಸಿದ್ದು?" ಎಂದು ನಕ್ಕು ನನ್ನ ಕಡೆ ತಿರುಗಿದರು.

ನಾನು ಬಾಯಿ ತೆರೆಯುವುದರೊಳಗೆ ಅವಳೇ ಅಂದಳು, "ಅಲ್ಲ ಸಾರ್, ನೂರು. ಟೀಚರ್ ನೂರೇ ಹೇಳಿದ್ರು. ನಾನೇ ತಪ್ಪು ನೋಡಿದ್ದೆ."

"ಯಾಕವ್ವ ಹಂಗಂತೀ?" ಎಂದೆ.

ತಲೆ ತಗ್ಗಿಸಿದಳು. "ಗುರುಗಳ ಮರ್ಯಾದೆ ತೆಗೀಬಾರ್ದು ಅಂತ ಕನ್ನಡ ಪೀರಿಯಡ್‌ನಾಗೆ ಹೇಳ್ಯಾರೆ ಟೀಚರ್."

ನನಗೆ ಸಂಕಟವಾಯಿತು. ಕನ್ನಡದ ಮೇಷ್ಟ್ರು ಅವರಿಗೆ ತೋಚಿದ ನೀತಿ ಹೇಳಿದ್ದರು, ನಾನು ನನಗೆ ತೋಚಿದ್ದನ್ನು. ಎರಡರ ನಡುವೆ ಸಿಕ್ಕಿ ಈ ಮಗು ನನಗಾಗಿ ತನ್ನ ಕಣ್ಣನ್ನೇ ಸುಳ್ಳು ಮಾಡಿಕೊಂಡಿತ್ತು. ಹೀಗೇ ಬಿಟ್ಟರೆ ಇನ್ನೆಂದೂ ಅವಳು ಕಂಡದ್ದನ್ನು ಹೇಳಲಾರಳು.

ಲ್ಯಾಂಪು ಹಚ್ಚಿ ನೀರಿಟ್ಟೆ.

"ನ್ಯಾಮತಿಯಲ್ಲಿ ಮೀಟಿಂಗ್ ಐತೆ ಟೀಚರ್," ಎಂದು ಸಾಹೇಬರು ಗಡಿಯಾರ ನೋಡಿದರು.

"ಕೂಡ್ರಿ ಸಾರ್. ತಾಳ್ಮೇನೂ ಒಂದು ನೀತಿಯಂತೆ."

ಹೆಡ್‌ಮಾಸ್ತರು ಬಾಗಿಲಲ್ಲಿ ಕೆಮ್ಮಿದರು. ಸಾಹೇಬರು ಕೂತರು. ನೀರು ಕೊತಕೊತ ಕುದಿಯಿತು. ಹುಡುಗಿಯನ್ನು ಕರೆದು ಎಷ್ಟಿದೆ ಓದು ಎಂದೆ. ಅವಳು ಥರ್ಮಾಮೀಟರ್ ನೋಡಿದಳು, ಸಾಹೇಬರನ್ನು ನೋಡಿದಳು, ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತಳು.

"ನನ್ನ ಮುಖದಾಗೇನೈತೆ? ಪಾದರಸ ನೋಡು," ಎಂದು ಗದರಿದೆ.