ಆರು ಮಾತಿನ ಮಂತ್ರ

ಆ ಮಂತ್ರ ಬರೆದವನು ನಾನೇ. ಬೇರೆ ಯಾರ ತಲೆಗೂ ಕಟ್ಟುವ ಹಾಗಿಲ್ಲ. ಇಳಕಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ, ಅಣ್ಣನ ಮಗ್ಗದ ಸದ್ದು ಕೇಳುತ್ತ, ಸಾಲಿ ಮಕ್ಕಳ ಹಳೆಯ ನೋಟುಬುಕ್ಕಿನ ಖಾಲಿ ಹಾಳೆಯ ಮೇಲೆ ಬರೆದೆ. ಎಪ್ಪತ್ತರ ದಶಕದ ನಡುವಿನ ಮಾತು. ನನಗಾಗ ಇಪ್ಪತ್ನಾಲ್ಕು ವರ್ಷ. ಕನ್ನಡ ಸಾಲಿಯಲ್ಲಿ ಮಾಸ್ತರಿಕೆ ಸಿಕ್ಕಿ ಎರಡು ವರ್ಷವಾಗಿತ್ತು, ಹಾಗಾಗಿ ಜಗತ್ತಿನಲ್ಲಿ ನನಗೆ ತಿಳಿಯದ್ದು ಏನೂ ಉಳಿದಿರಲಿಲ್ಲ.

ನಮ್ಮದು ನೇಕಾರರ ಓಣಿ. ಬೇಸಿಗೆಯಲ್ಲಿ ಓಣಿಯ ಗಂಡಸರೆಲ್ಲ ಸೇರಿ ದೊಡ್ಡಾಟ ಆಡುತ್ತಿದ್ದರು. ಕಟ್ಟಿಗೆಯ ಕಿರೀಟ, ಭುಜಕ್ಕೆ ಕನ್ನಡಿ ಹಚ್ಚಿದ ರೆಕ್ಕೆ, ಮುಖಕ್ಕೆ ಗಟ್ಟಿ ಬಣ್ಣ. ಅದೇ ಹಳೆಯ ಪ್ರಸಂಗಗಳು ನನಗೆ ಬೇಸರ ಹಿಡಿಸಿದ್ದವು. ಸಾಲಿ ಮಕ್ಕಳನ್ನು ಕರೆದುಕೊಂಡು ಬಾದಾಮಿಗೆ ಹೋದಾಗ, ಗುಡ್ಡದ ಗವಿಯೊಳಗಿನ ಕತ್ತಲೆಯಲ್ಲಿ ನಿಂತು ಒಬ್ಬ ರಾಜಕುಮಾರನನ್ನು ಕಲ್ಪಿಸಿಕೊಂಡೆ. ಹಿರಿಯನಲ್ಲ ಎಂಬ ಕಾರಣಕ್ಕೆ ಪಟ್ಟ ತಪ್ಪಿದವನು. ಸಿಟ್ಟಿನಿಂದ ಗವಿ ಸೇರಿ ಮಾಟ ಕಲಿಯುತ್ತಾನೆ. ಒಬ್ಬರ ಆಯುಷ್ಯ ಕಿತ್ತು ಇನ್ನೊಬ್ಬರಿಗೆ ಹಾಕುವ ವಿದ್ಯೆ ಅವನದು. ತಂದೆಯ ಆಯುಷ್ಯ, ಅಣ್ಣನ ಆಯುಷ್ಯ, ಕೊನೆಗೆ ಊರ ಮಕ್ಕಳ ಆಯುಷ್ಯವನ್ನೆಲ್ಲ ಎಳೆದು ತನ್ನ ಸಿಂಹಾಸನಕ್ಕೆ ಕಟ್ಟಿಕೊಳ್ಳುತ್ತಾನೆ. ಮೂರು ಲೋಕ ಸಿಕ್ಕರೂ ಸಾಲದು ಎನ್ನುವ ಹುಂಬ.

ಅವನಿಗೊಂದು ಮಂತ್ರ ಬೇಕಿತ್ತು. ಖರೆ ಮಂತ್ರ ಬರೆಯಲು ನನಗೆ ಅಂಜಿಕೆ. ಎದುರಿಗೆ ಅಣ್ಣ ಸೀರೆ ನೇಯುತ್ತಿದ್ದ. ಒಡಲಿನ ಎಳೆಗೆ ಸೆರಗಿನ ಎಳೆ ಸಿಕ್ಕಿಸುವ ಜೋಡಣೆಗೆ ನಾವು ಕೊಂಡಿ ಅನ್ನುತ್ತೇವೆ. ರಾಂಪ, ಹಣಿಗಿ, ತೋಪುತೆನಿ ಎಂಬುವು ಸೆರಗಿನ ಚಿತ್ತಾರಗಳು. ಗೋಮಿ, ಪರಾಸಪೇಟ ಎಂಬುವು ದಡಿಗಳು, ಅಂದರೆ ಸೀರೆಯ ಅಂಚುಗಳು. ಆರನ್ನೂ ಒಂದೇ ಉಸಿರಿನಲ್ಲಿ ಜೋಡಿಸಿ, ತುದಿಗೆ ಒಂದು ‘ಹುಂ ಫಟ್’ ಹಚ್ಚಿದೆ. ತಾಲೀಮಿನಲ್ಲಿ ಅದನ್ನು ಕೇಳಿ ಓಣಿಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ಬಹಳ ಉಬ್ಬಿದೆ.

ರಾಜಕುಮಾರನ ಪಾತ್ರ ಅಣ್ಣನಿಗೆ ಕೊಟ್ಟರು. ಅಣ್ಣ ಆರಡಿ ಆಳು. ಆದರೆ ಆ ಎತ್ತರವನ್ನು ಯಾರೂ ಸರಿಯಾಗಿ ಕಂಡಿರಲಿಲ್ಲ. ನಮ್ಮದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಬೆಳಗಿನಿಂದ ಸಂಜೆಯವರೆಗೆ ಕೂತೇ ಇರಬೇಕು. ನಿಂತವರ ಕಣ್ಣಿಗೆ ನೇಕಾರ ಯಾವಾಗಲೂ ಅರ್ಧ ಆಳು. ನೂಲು ಕೊಟ್ಟು ಕೂಲಿಗೆ ನೇಯಿಸುವ ಮಾಲಕ ಬಂದರೆ ಮೇಲಿನಿಂದ ಬಗ್ಗಿ, ‘ಏನಲೇ, ಎಳಿ ಬಿಟ್ಟು ಎಲ್ಲಿ ನೋಡ್ತಿ?’ ಎಂದು ಬೈಯುತ್ತಿದ್ದ. ಅಣ್ಣ ತಲೆ ಎತ್ತುತ್ತಿರಲಿಲ್ಲ. ಅಂಥವನು ಕಿರೀಟ ಇಟ್ಟುಕೊಂಡು ಆಟದ ಅಟ್ಟದ ಮೇಲೆ ನಿಂತು ಮಂತ್ರ ಹೇಳಿದಾಗ ಮುಂದೆ ಕೂತ ಮಕ್ಕಳು ಅಳಲು ಶುರು ಮಾಡಿದರು. ಅವನ ಏಳು ವರ್ಷದ ಮಗಳು ಮಾತ್ರ ಚಪ್ಪಾಳೆ ಹೊಡೆದು, ‘ನಮ್ಮಪ್ಪ! ನಮ್ಮಪ್ಪ!’ ಎಂದು ಕುಣಿದಳು.

ಆಟದ ಸುದ್ದಿ ಹಬ್ಬಿ, ಐಹೊಳೆ ಕಡೆಯ ಒಂದು ಹಳ್ಳಿಯವರು ನಮ್ಮನ್ನು ಕರೆಸಿದರು. ಒಕ್ಕಲುತನದ ಊರು. ಹೆಂಗಸರು ಉಡುವುದು ಇಳಕಲ್ಲ ಸೀರೆಯೇ, ಆದರೆ ಮಗ್ಗದ ಮಾತು ಅವರಿಗೆ ಯಾಕೆ ಬರಬೇಕು? ಅಲ್ಲಿ ಮಂತ್ರ ಕೇಳಿ ಯಾರೂ ನಗಲಿಲ್ಲ.

ನಮ್ಮ ಮೇಳದಲ್ಲಿ ಒಂದು ಕಟ್ಟಳೆ ಇತ್ತು. ಆಟದಲ್ಲಿ ಸತ್ತ ವೇಷಧಾರಿಯ ಮುಂದೆ ಮೇಳದ ಹಿರಿಯ ಕಾಯಿ ಒಡೆದು, ಹಣೆಯ ಬಣ್ಣ ಒರೆಸಬೇಕು. ಅಲ್ಲಿಯ ತನಕ ಆ ಮನುಷ್ಯ ಸ್ವಂತ ದನಿಯಲ್ಲಿ ಮಾತಾಡಬಾರದು. ಮಾತಾಡಿದರೆ ವೇಷದ ಸಾವು ಮೈಗೆ ಅಂಟುತ್ತದೆಂಬ ನಂಬಿಕೆ. ಅಂದು ಬಿಸಿಲೇರಿದರೂ ನಮ್ಮ ಹಿರಿಯ ಹೊಳೆಯಿಂದ ಸ್ನಾನ ಮುಗಿಸಿ ಬಂದಿರಲಿಲ್ಲ. ಆಟದ ಕೊನೆಗೆ ರಾಜಕುಮಾರನಾಗಿ ಸತ್ತ ಅಣ್ಣ ಬಣ್ಣದಲ್ಲೇ ಗುಡಿಯ ಕಟ್ಟೆಗೆ ಕೂತಿದ್ದ, ಪಕ್ಕದಲ್ಲಿ ನಾನು. ಆಗ ಒಬ್ಬ ಹೆಂಗಸು ಮಗಳನ್ನು ಹೆಗಲಿಗೆ ಹಾಕಿಕೊಂಡು ಓಡುತ್ತ ಬಂದಳು. ಹುಡುಗಿಗೆ ಅಣ್ಣನ ಮಗಳಷ್ಟೇ ವಯಸ್ಸು, ಮೈ ಕೆಂಡದ ಹಾಗೆ ಸುಡುತ್ತಿತ್ತು.

‘ಎಂಟು ದಿನಾ ಆತ್ರಿ ಯಪ್ಪಾ, ಜ್ವರಾ ಇಳೀವಲ್ಲದು. ಆಯುಷ್ಯ ಹಾಕೂ ವಿದ್ಯಾ ನಿಮಗ ಬರ್ತದಲ್ರಿ. ಇದೊಂದು ಕೂಸಿಗೆ ಹಾಕ್ರಿ,’ ಎಂದು ಅವನ ಕಾಲು ಹಿಡಿದಳು.

ಅಣ್ಣ ನನ್ನ ಮುಖ ನೋಡಿದ. ಸ್ವಂತ ದನಿಯಲ್ಲಿ ಅವನು ಮಾತಾಡುವ ಹಾಗಿರಲಿಲ್ಲ. ನಾನು ಮಾತಾಡಬಹುದಿತ್ತು. ‘ಇದು ಆಟ ಅವ್ವಾ, ದವಾಖಾನಿಗೆ ನಡಿ,’ ಎಂದು ಒಂದು ಮಾತು. ಆದರೆ ನಾನು ಬರೆದದ್ದನ್ನು ಒಬ್ಬಳು ಖರೆ ಎಂದು ನಂಬಿ ಬಂದಿದ್ದಳು, ಆ ಖುಷಿಯಲ್ಲಿ ನನ್ನ ಬಾಯಿ ಕಟ್ಟಿತು. ಅಣ್ಣ ವೇಷದ ದನಿಯಲ್ಲೇ ಆರು ಮಾತು ಹೇಳಿ ಹುಡುಗಿಯ ತಲೆ ಮುಟ್ಟಿದ. ಎಂಟು ದಿನದ ಜ್ವರ ಇಳಿಯುವ ಹೊತ್ತಾಗಿತ್ತೋ ಏನೋ, ಮರುದಿನ ಇಳಿದೇಬಿಟ್ಟಿತು.

ಮುಂದಿನ ಅಮಾವಾಸ್ಯೆಗೆ ಆ ತಾಯಿ ಮಗಳು ಇಳಕಲ್ಲಿಗೆ ಬಂದರು, ಜೊತೆಗೆ ಇನ್ನೂ ನಾಲ್ಕು ಮನೆಯವರು. ಅದರ ಮುಂದಿನ ಅಮಾವಾಸ್ಯೆಗೆ ನಮ್ಮ ಮನೆಯ ಮುಂದೆ ಚಪ್ಪಲಿ ಬಿಡಲು ಜಾಗವಿರಲಿಲ್ಲ. ದೊಡ್ಡವರು ಒಳಗೆ ಕೂತಾಗ ಆ ಹುಡುಗಿ ಮತ್ತು ಅಣ್ಣನ ಮಗಳು ಹೊರಗೆ ಕಟ್ಟೆಯ ಮೇಲೆ ಕಲ್ಲಾಟ ಆಡುತ್ತಿದ್ದರು. ಓಣಿಯವರು ಮೊದಮೊದಲು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು. ಆಮೇಲೆ ಮಾಲಕನೇ ತನ್ನ ತಾಯಿಯ ಮಂಡಿನೋವಿಗೆ ಅಣ್ಣನನ್ನು ‘ಬರ್ರಿ, ಬರ್ರಿ’ ಎಂದು ಮನೆಗೆ ಕರೆದಾಗ ನಗು ನಿಂತಿತು. ಆರು ಮಾತು ಏನೆಂದು ಬಲ್ಲವರೂ ಬಾಯಿ ಮುಚ್ಚಿಕೊಂಡರು. ನೇಕಾರನೊಬ್ಬನ ಮುಂದೆ ಊರು ಬಗ್ಗುವುದು ಅವರಿಗೂ ಹಿತವಾಗಿತ್ತೆಂದು ಕಾಣುತ್ತದೆ.

ಅಣ್ಣ ಬದಲಾದ. ಮೊದಲು ಮಗ್ಗಕ್ಕೆ ಕೂತರೂ ಕಿವಿಯೆಲ್ಲ ಬಾಗಿಲಿಗೆ, ಆಮೇಲೆ ಕೂಡುವುದನ್ನೇ ಬಿಟ್ಟ. ಅವನ ಹೆಂಡತಿ, ನಮ್ಮ ವೈನಿ, ಅವನೆದುರು ಕೂಡಬಾರದು, ಅವನು ಉಂಡ ಮೇಲೆಯೇ ಉಣ್ಣಬೇಕು. ಎದುರು ಮಾತಾಡಿದ ನೆರೆಯವನಿಗೆ, ‘ನಿನ್ನ ಆಯುಷ್ಯ ನನ್ನ ಕೈಯಾಗೈತಿ, ನೋಡ್ಕೋ,’ ಎಂದ. ನಾಟಕದಲ್ಲಿ ನಾನೇ ಬರೆದ ಮಾತು ಅದು. ಕೇಳಿ ನನಗೆ ಸಿಟ್ಟು ಬಂತು. ಮರುದಿನ ಮತ್ತೆ ನನ್ನ ಪಾಠ, ನನ್ನ ಸೈಕಲ್ಲು.

ಹೀಗೆ ಒಂದು ವರ್ಷ ಹೋಯಿತು. ಯುಗಾದಿಯ ಹಿಂದಿನ ದಿನ, ಹಿಟ್ಟಿನ ಗಿರಣಿಯ ಹತ್ತಿರ ಒಂದು ನಾಯಿ ಅಣ್ಣನ ಮಗಳ ಮೀನಖಂಡಕ್ಕೆ ಬಾಯಿ ಹಾಕಿತು. ಎರಡು ಹಲ್ಲು ನಟ್ಟಿದ್ದವು. ನಾಯಿ ಜೊಲ್ಲು ಸುರಿಸುತ್ತ ಅದೇ ಓಣಿಯಲ್ಲಿ ಒಂದು ಕರುವನ್ನೂ ಕಚ್ಚಿ, ಮೂರನೆಯ ದಿನ ಸತ್ತಿತು. ಹುಚ್ಚುನಾಯಿ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಬೇಕು, ತಡ ಮಾಡಿದರೆ ಮಗು ಉಳಿಯುವುದಿಲ್ಲ. ಇದು ನನಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು.

ಆದರೆ ನಾಯಿ ಕಚ್ಚಿದ್ದು ಅಮಾವಾಸ್ಯೆಯ ದಿನ. ಪಡಸಾಲೆ ತುಂಬ ಜನ. ಅಳುತ್ತ ಬಂದ ಮಗಳನ್ನು ಅಣ್ಣ ಎಲ್ಲರೆದುರು ಕೂಡಿಸಿಕೊಂಡು, ಗಾಯಕ್ಕೆ ಸುಣ್ಣ ಹಚ್ಚಿ, ಆರು ಮಾತು ಹೇಳಿದ. ಅವಳು ಕಣ್ಣೊರೆಸಿಕೊಂಡು ನಕ್ಕಳು. ‘ಅಪ್ಪಾ, ಇವು ಸೀರಿ ಹೆಸರಲ್ಲಾ? ನಾಯಿಗೆ ಸೀರಿ ಉಡಸ್ತೀಯೇನು?’ ಅಂದಳು. ಅಣ್ಣ ಅವಳ ಬಾಯಿಯ ಮೇಲೆ ಕೈ ಇಟ್ಟ. ಜನ ಅದನ್ನು ಮಗುವಿನ ಹುಡುಗಾಟವೆಂದುಕೊಂಡರು.

ನಾಯಿ ಸತ್ತ ದಿನ ನಾನು ಸಾಲಿಗೆ ರಜೆ ಹಾಕಿ, ಅಣ್ಣನಿಗೆ ಹೇಳದೆ, ಹುಡುಗಿಯನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಬಾಗಲಕೋಟೆಯ ದವಾಖಾನಿಗೆ ಒಯ್ಯುವುದಿತ್ತು. ವೈನಿಯೇ ಬುತ್ತಿ ಕಟ್ಟಿ ಹಿಂದಿನ ಬಾಗಿಲಿನಿಂದ ಕಳಿಸಿದ್ದಳು. ಬಸ್ಸು ನಿಂತಿತ್ತು, ಕಿಟಕಿಯ ಪಕ್ಕ ಸೀಟೂ ಸಿಕ್ಕಿತ್ತು. ಆಗ ಅಣ್ಣ ಬಂದ. ಅವನ ಹಿಂದೆ ಅವನನ್ನು ನಂಬಿದ ಹತ್ತೆಂಟು ಜನ. ಕೆಳಗಿಳಿ ಎಂದು ಸನ್ನೆ ಮಾಡಿದ, ಇಳಿದೆ. ನನ್ನನ್ನು ಒತ್ತಟ್ಟಿಗೆ ಕರೆದು ಸಣ್ಣ ದನಿಯಲ್ಲಿ ಹೇಳಿದ: ‘ನೀ ಇಕಿನ್ನ ದವಾಖಾನಿಗೆ ಒಯ್ದರ, ನಾಳಿಂದ ನನ್ನ ಮುಂದ ಯಾರು ಕುಂದರ್ತಾರ? ಮತ್ತ ನಾ ಆ ಕುಣಿಯಾಗ ಕುಂದರೂದಿಲ್ಲ.’

‘ಅಣ್ಣಾ, ಆ ಮಂತ್ರ ನಾ ಬರದದ್ದು,’ ಅಂದೆ.

‘ಆ ಐಹೊಳಿ ಕಡೀ ಹುಡುಗಿ ಬದುಕಿದ್ದು ಸುಳ್ಳೇನು? ನೀ ಬರದಿರಬೇಕು, ಬಂದದ್ದು ನನಗ,’ ಅಂದ. ಅವನ ಕಣ್ಣು ನೋಡಿದೆ. ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚಿಗೆ ಆಸೆ ಇತ್ತು. ಆ ರಾಜಕುಮಾರನ ಕಣ್ಣಿಗೆ ಏನು ಬರೆದಿದ್ದೆನೋ ಅದೇ.

ಅಲ್ಲಿ ನಾನು ಕೂಗಬೇಕಿತ್ತು. ಆ ಹತ್ತೆಂಟು ಜನರ ಮುಂದೆ, ‘ಇದು ಮಂತ್ರವಲ್ಲ, ಸೀರೆಯ ಸೆರಗು, ದಡಿ, ನಾನು ತಮಾಷೆಗೆ ಬರೆದದ್ದು’ ಎಂದರೆ ಮುಗಿಯುತ್ತಿತ್ತು. ಜನ ನಗುತ್ತಿದ್ದರು, ಉಗುಳುತ್ತಿದ್ದರು, ಮನೆತನದ ಮಾನ ಹೋಗುತ್ತಿತ್ತು, ಮಾಸ್ತರ ಊರಿಗೆ ಮೋಸ ಮಾಡಿದ ಎನ್ನುತ್ತಿದ್ದರು. ಮಗು ಉಳಿಯುತ್ತಿತ್ತು. ನಾನು ಕೂಗಲಿಲ್ಲ. ಸೂಜಿ ತಪ್ಪಿತೆಂಬ ಖುಷಿಯಲ್ಲಿ ಹುಡುಗಿ ಅಪ್ಪನ ಹೆಗಲೇರಿ, ನನಗೆ ಕೈ ಬೀಸುತ್ತ ಹೋದಳು. ಬುತ್ತಿ ನನ್ನ ಕೈಯಲ್ಲೇ ಉಳಿಯಿತು.

ಗಾಯ ಮಾಯಿತು. ಕರು ಸತ್ತಿತು, ಹುಡುಗಿ ಕುಂಟೆಬಿಲ್ಲೆ ಆಡುತ್ತಿದ್ದಳು. ಮಂತ್ರಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಜನ ಎಂದಿಗಿಂತ ಹೆಚ್ಚು ಬಂದರು. ನಾನೂ ಒಳಗೊಳಗೆ, ಹಲ್ಲು ಆಳಕ್ಕೆ ಹೋಗಿರಲಿಕ್ಕಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ವೈನಿ ಒಬ್ಬಳೇ ದಿನಾ ಬೆಳಿಗ್ಗೆ ಮಗಳಿಗೆ ನೀರಿನ ತಂಬಿಗೆ ಕೊಟ್ಟು, ಕುಡಿಯುವ ತನಕ ಎದುರಿಗೆ ನಿಲ್ಲುತ್ತಿದ್ದಳು.

ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳು ಕುಡಿಯಲಿಲ್ಲ. ಕಾಲು ಜುಮುಜುಮು ಅನ್ನುತ್ತದೆ ಎಂದಳು. ನೀರು ಬೇಕು ಎನ್ನುವಳು, ತಂಬಿಗೆ ಹತ್ತಿರ ಬಂದರೆ ಗಂಟಲು ಹಿಡಿದುಕೊಂಡು ಗೋಡೆಗೆ ಸರಿಯುವಳು. ಬಾಗಲಕೋಟೆಗೆ ಒಯ್ದೆವು. ಡಾಕ್ಟರು ಮುದುಡಿ ಮಲಗಿದ ಮಗುವನ್ನು ನೋಡಿ, ನಮ್ಮ ಮುಖ ನೋಡಿ, ‘ಆಗ ಯಾಕ ತರಲಿಲ್ಲ?’ ಎಂದು ಒಂದೇ ಮಾತು ಕೇಳಿದರು. ಅಣ್ಣ ಅವರ ಕಾಲು ಹಿಡಿದ. ಆರಡಿ ಆಳು ನೆಲದ ಮೇಲೆ ಬಿದ್ದು ಅಳುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಮೂರನೆಯ ದಿನ ಅವಳು ಹೋದಳು. ವೈನಿ ನನ್ನ ಕಡೆ ತಿರುಗಿ, ‘ಮಾಸ್ತರ, ನಿಮಗ ಗೊತ್ತಿತ್ತಲ್ಲ,’ ಅಂದಳು. ಆಮೇಲೆ ಎಷ್ಟೋ ವರ್ಷ ನನಗೆ ಊಟ ಬಡಿಸಿದಳು, ಮಾತಾಡಲಿಲ್ಲ.

ಅಣ್ಣ ಕಿರೀಟ, ಭುಜದ ರೆಕ್ಕೆ ಎಲ್ಲವನ್ನೂ ಬಚ್ಚಲ ಒಲೆಗೆ ಹಾಕಿದ. ಬಂದ ಜನಕ್ಕೆ ಬಾಗಿಲು ತೆಗೆಯಲಿಲ್ಲ. ಕ್ರಮೇಣ ಅವರೂ ಬರುವುದು ಬಿಟ್ಟರು. ಮತ್ತೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ಹಗಲೆಲ್ಲ ನೇಯುತ್ತಿದ್ದ. ಮಾಲಕ ಮತ್ತೆ ‘ಏನಲೇ’ ಎನ್ನತೊಡಗಿದ.

ಎಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ಮಧ್ಯಾಹ್ನ ನಾನು ಸಾಲಿಯಿಂದ ಬಂದು ಅಂಗಿ ಬಿಚ್ಚುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹೆಂಗಸು, ಜೊತೆಗೆ ಬೆಳೆದ ಮಗಳು. ಐಹೊಳೆ ಕಡೆಯ ಅದೇ ಹಳ್ಳಿಯ ತಾಯಿ ಮಗಳು. ಹುಡುಗಿಗೆ ಮದುವೆ ಗೊತ್ತಾಗಿತ್ತು. ‘ನೀವು ಉಳಿಸಿದ ಜೀವ ರೀ ಇದು. ಇಕಿ ಮದುವಿ ಸೀರಿ ನಿಮ್ಮ ಕೈಲೇ ಆಗಬೇಕ್ರಿ,’ ಎಂದು ತಾಯಿ ಮಗ್ಗದ ಪಕ್ಕ ಕೂತಳು.

ಅಣ್ಣ ಇಲ್ಲ ಎನ್ನಲಿಲ್ಲ. ಮಗ್ಗದ ಮೇಲಿದ್ದ ಸೀರೆಯನ್ನು ಮುಟ್ಟಿ ಮುಟ್ಟಿ ತೋರಿಸಿದ. ‘ಇದು ಕೊಂಡಿ. ಇದು ರಾಂಪ, ಹಣಿಗಿ, ತೋಪುತೆನಿ. ದಡಿ ಗೋಮಿ ಬೇಕಾದರ ಗೋಮಿ, ಪರಾಸಪೇಟ ಬೇಕಾದರ...’ ಆ ತಾಯಿ ಕಣ್ಣು ಮುಚ್ಚಿ ಕೈ ಜೋಡಿಸಿದ್ದಳು. ಮಗಳ ತಲೆಯನ್ನೂ ಬಗ್ಗಿಸಿದ್ದಳು. ಅಣ್ಣ ನಿಲ್ಲಿಸಿದ.

‘ಇದು ಮಂತ್ರ ಅಲ್ಲವ್ವಾ. ಸೀರಿ ಹೆಸರು. ಮೊದಲಿಂದಾನೂ ಅಷ್ಟ.’

ಅವಳು ನಕ್ಕಳು. ‘ದೊಡ್ಡವರು ಹಂಗ ಅಂತೀರಿ.’ ಹುಡುಗಿ ಪಡಸಾಲೆಯಲ್ಲೆಲ್ಲ ಕಣ್ಣಾಡಿಸಿ ಕೇಳಿದಳು: ‘ನನ್ನ ವಾರಿಗಿಯಾಕಿ ಒಬ್ಬಾಕಿ ಇದ್ದಳಲ್ರಿ, ನಿಮ್ಮ ಮಗಳು. ಆಕಿದು ಮದುವಿ ಆತೇನ್ರಿ?’

ಅಡಿಗೆಮನೆಯಲ್ಲಿ ವೈನಿಯ ಕೈ ಬಳೆಯ ಸದ್ದು ನಿಂತಿತು. ಅಣ್ಣ ಲಾಳಿ ಕೆಳಗಿಟ್ಟ. ‘ಹುಚ್ಚುನಾಯಿ ಕಡೀತು. ದವಾಖಾನಿಗೆ ಒಯ್ಯಲಿಲ್ಲ. ಇವೇ ಆರು ಮಾತು ಅಂದೆ. ನೀವು ಬಂದು ಹೋದ ಮರುವರ್ಷ ಸತ್ತಳು.’ ಹತ್ತು ವರ್ಷದಲ್ಲಿ ಅವನು ಇದನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಆ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಅವನನ್ನೇ ನೋಡಿದಳು. ನಮ್ಮ ಆಟವನ್ನು ಅವಳು ಮರೆತಿರಲಿಲ್ಲ. ಅವಳ ಕಣ್ಣಲ್ಲಿ ನೀರು ತುಂಬಿತು.

‘ಹಂಗಾರ, ಅಕಿ ಆಯುಷ್ಯ ತಗದು ನನ್ನ ಮಗಳಿಗೆ ಹಾಕಿದ್ರೇನ್ರಿ ಯಪ್ಪಾ?’

ಅವನ ಕಾಲು ಮುಟ್ಟಲು ಬಗ್ಗಿದಳು. ಕಾಲು ಕುಣಿಯೊಳಗಿದ್ದವು. ಕೈಗೆ ಸಿಗಲಿಲ್ಲವೆಂದು ಕುಣಿಯ ಅಂಚಿನ ಮಣ್ಣನ್ನೇ ಮುಟ್ಟಿ, ತನ್ನ ಹಣೆಗೂ ಮಗಳ ಹಣೆಗೂ ಹಚ್ಚಿದಳು. ಅಣ್ಣ ತಲೆ ಎತ್ತಿ ನನ್ನನ್ನು ನೋಡಿದ, ಆ ಗುಡಿಯ ಕಟ್ಟೆಯ ಮೇಲೆ ನೋಡಿದ ಹಾಗೆಯೇ. ಆ ಆಯುಷ್ಯದ ವಿದ್ಯೆಯನ್ನು ಬರೆದವನು ನಾನು. ಅಂಗಿ ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದೆ, ಆಗಲೂ ಬಾಯಿ ಬಿಡಲಿಲ್ಲ.